ನಲವತ್ತೆಂಟು ಸೂಜಿಯ ಬೆವರು

ನನಗೆ ಸಿಟ್ಟು ಜಾಸ್ತಿ. ಕಗ್ಗದಾಸಪುರದಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಹಂಸಕ್ಕನ ಶೆಡ್ಡಾ, ಮೊದಲು ಫೋನ್ ಮಾಡ್ಕೊಂಡು ಹೋಗಪ್ಪಾ ಅಂತಾರೆ. ಅನ್ನಲಿ ಬಿಡಿ. ಇಪ್ಪತ್ತು ವರ್ಷದಿಂದ ಪೌಡರ್ ಕೋಟಿಂಗ್ ಮಾಡ್ತಿದೀನಿ. ಈ ಕಸುಬಲ್ಲಿ ನಯವಾಗಿ ಮಾತಾಡಿದ್ರೆ ಗೇಟು ತಂದವನು ನಾಳೆನೇ ಬೇಕು ಅಂತ ತಲೆ ಮೇಲೆ ಕೂರ್ತಾನೆ.

ಕೆಲಸ ಏನಂದ್ರೆ, ಬಣ್ಣದ ಪುಡಿಗೆ ಕರೆಂಟ್ ಕೊಟ್ಟು ಗನ್ನಿಂದ ಊದೋದು. ಎದುರಿಗೆ ತೂಗುಹಾಕಿರೋ ಗ್ರಿಲ್ಲಿಗೆ ಅರ್ತಿಂಗ್ ಕೊಟ್ಟಿರ್ತೀವಿ, ಅಂದ್ರೆ ಕರೆಂಟ್ ನೆಲಕ್ಕೆ ಇಳಿಯೋಕೆ ದಾರಿ. ಪುಡಿ ತಾನಾಗೇ ಗ್ರಿಲ್ಲನ್ನ ಹುಡುಕ್ಕೊಂಡು ಹೋಗಿ ಅಂಟ್ಕೊಳುತ್ತೆ, ಹಿಂದಗಡೆಗೂ ಸುತ್ತಿ ಹೋಗಿ ಅಂಟುತ್ತೆ. ಆಮೇಲೆ ಓವನ್‌ನಲ್ಲಿ ಕಾಯಿಸಿದ್ರೆ ಬಣ್ಣ ಭದ್ರವಾಗಿ ಕೂತ್ಕೊಳುತ್ತೆ. ನಮ್ಮಪ್ಪ ರಾಗಿ ಬೆಳೀತಿದ್ದ ಜಾಗದಲ್ಲೇ ಈ ಶೆಡ್ಡು. ಶೆಡ್ ಹಿಂದೆ ನಮ್ಮದೇ ನಾಲ್ಕು ಬಾಡಿಗೆ ರೂಮು, ಮೇಲೆ ಶೀಟು.

ಅದರಲ್ಲೊಂದು ರೂಮಲ್ಲಿ ಗಂಗಾ ಇದ್ದಾಳೆ, ಗಂಡ ಭೀಮು, ಮಗಳು ಶಾಂಭವಿ ಜೊತೆ. ಸುರಪುರದ ಕಡೆಯವರು. ಭೀಮು ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತಾನೆ, ಗಂಗಾ ನನ್ನ ಶೆಡ್‌ನಲ್ಲೇ ಗ್ರಿಲ್ ಉಜ್ಜಿ ತೊಳೆದು ಕೊಕ್ಕೆಗೆ ಹಾಕ್ತಾಳೆ. ಐದು ವರ್ಷದ ಹಿಂದೆ ಟ್ರಂಕು ಇಳಿಸಿ ರೂಮ್ ಕೇಳಿದಾಗ, ಊರು ಯಾಕೆ ಬಿಟ್ರಿ ಅಂತ ನಾನು ಕೇಳಿದ್ದೆ. ಬಾಡಿಗೆ ಕೊಡೋವಾಗ ಎಲ್ರನ್ನೂ ಕೇಳ್ತೀನಿ.

"ಊರಾಗ ಬಿಸಲು ಭಾಳ ಅದರಿ ಅಕ್ಕಾರ," ಅಂದ್ಲು.

"ಬಿಸಿಲಿಗೆ ಯಾರಾದ್ರೂ ಊರು ಬಿಡ್ತಾರೇನೇ?"

ಅವಳು ಹಿಂದೆ ನಿಂತಿದ್ದ ಮಗಳನ್ನ ಮುಂದಕ್ಕೆ ಎಳೆದು ನಿಲ್ಲಿಸಿದ್ಲು. ಏಳು ವರ್ಷದ ಹುಡುಗಿ, ತೆಳ್ಳನೆ ಕೂದಲು, ಹಲ್ಲು ಎಣಿಸಿದ್ರೆ ನಾಲ್ಕೋ ಐದೋ. ಮೈಮೇಲಿನ ಫ್ರಾಕು ನೀರಲ್ಲಿ ನೆನೆದು ತೊಪ್ಪೆ ಆಗಿತ್ತು. "ಕೂಸಿಗಿ ಬೆವರೇ ಬರಲ್ರಿ. ಹುಟ್ಟಿದಾಗಿಂದ ಒಂದು ಹನಿ ಬಂದಿಲ್ಲ. ಮೈ ತೋಯಿಸದಿದ್ರ ಜ್ವರ ಏರ್ತದ. ತಂಪು ಇರೋ ಊರಾಗ ಇಟ್ಕೊಳ್ರಿ ಅಂತ ಡಾಕ್ಟರ್ ಹೇಳಿದ್ರು, ಅದಕ್ಕ ಬೆಂಗಳೂರಿಗೆ ಬಂದೀವ್ರಿ."

ಆಮೇಲೆ ನಾನು ಇಂದಿರಾನಗರದ ಒಬ್ರು ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಅವರೂ ಅದನ್ನೇ ಹೇಳಿದ್ರು. ಈ ಮಗುವಿನ ಚರ್ಮದಲ್ಲಿ ಬೆವರು ಗ್ರಂಥಿಗಳೇ ಬೆಳೆದಿಲ್ಲ, ಅದಕ್ಕೆ ಔಷಧಿ ಇಲ್ಲ, ನೀರೇ ಔಷಧಿ. ಬೆಂಗಳೂರೋ, ಇವರು ಬಂದಾಗ ಇದ್ದಂಗೆ ಈಗಿದ್ಯಾ? ಮಾರ್ಚ್ ಬಂದ್ರೆ ಆ ಶೀಟಿನ ರೂಮು ನನ್ನ ಓವನ್‌ಗೆ ಪೈಪೋಟಿ ಕೊಡುತ್ತೆ. ಗಂಗಾ ಅರ್ಧ ಗಂಟೆಗೊಂದು ಸಲ ಕೈ ತೊಳ್ಕೊಂಡು ಹಿಂದಕ್ಕೆ ಓಡಿ, ಒದ್ದೆ ಬಟ್ಟೆಯಲ್ಲಿ ಮಗಳ ಮೈ ತೋಯಿಸಿ ಬರ್ತಿದ್ಲು. ಮೊದಮೊದಲು ಕೆಲಸ ಬಿಟ್ಟು ಎಲ್ಲಿಗೆ ಹೋಗ್ತೀಯ ಅಂತ ಬೈತಿದ್ದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಶಾಲೆಯಲ್ಲಿ ಶಾಂಭವಿ ತಾನೇ ನೋಡ್ಕೋಬೇಕು. ಬ್ಯಾಗಲ್ಲಿ ಇಸ್ತ್ರಿಗೆ ನೀರು ಚಿಮುಕಿಸೋ ಬಾಟ್ಲಿ ಇಟ್ಕೊಂಡು ಹೋಗ್ತಿದ್ಲು. ಆ ಬಾಟ್ಲಿ ಹನಿ ದಪ್ಪ. ಯೂನಿಫಾರ್ಮು ಸೋರುತ್ತೆ, ಬೆಂಚು ನೆನೆಯುತ್ತೆ, ನೋಟ್‌ಬುಕ್ಕಿನ ಶಾಯಿ ಹರಡುತ್ತೆ. ಹುಡುಗರು ಕಪ್ಪೆ ಅಂತ ಹೆಸರಿಟ್ರು. ಹೋದ ವರ್ಷ ಮಾರ್ಚ್‌ನಲ್ಲಿ ನಾಚಿಕೆಗೆ ಒಂದು ಬೆಳಿಗ್ಗೆ ಪೂರ್ತಿ ಬಾಟ್ಲಿ ಮುಟ್ಟಲಿಲ್ಲ. ಮೂರನೇ ಪೀರಿಯಡ್‌ನಲ್ಲಿ ಬೆಂಚಿಂದ ಜಾರಿ ಬಿದ್ಲು, ಮೈ ನೂರಾ ಐದು ಡಿಗ್ರಿ. ಹೆಡ್‌ಮಿಸ್ ಜಯಮಾಲಾ ಮೇಡಂ ತಾವೇ ಆಟೋದಲ್ಲಿ ತೊಡೆ ಮೇಲೆ ಮಲಗಿಸ್ಕೊಂಡು ಆಸ್ಪತ್ರೆಗೆ ಓಡಿದ್ರು.

ಆ ಹೆದರಿಕೆ ಅವರಿಗೆ ಹೋಗಲಿಲ್ಲ. ಈ ಸಲ ಸಂಕ್ರಾಂತಿ ಆದ ವಾರ ಗಂಗಾನ ಕರೆಸಿ, ಮಾರ್ಚಿಂದ ಮಗೂನ ಕಳಿಸ್ಬೇಡಮ್ಮ, ಮನೇಲೇ ಓದ್ಕೊಳ್ಳಲಿ, ಪರೀಕ್ಷೆಗೆ ಏನಾದ್ರೂ ದಾರಿ ಮಾಡ್ತೀನಿ ಅಂದ್ರು. ಅವರ ತಪ್ಪು ಅಂತ ನಾನು ಹೇಳಲ್ಲ. ಆದರೆ ಶಾಂಭವಿ ಅವತ್ತು ಊಟ ಬಿಟ್ಟು ರೂಮಿನ ಮೂಲೇಲಿ ಕೂತ್ಲು. ಏಳನೇ ಕ್ಲಾಸು, ಲೆಕ್ಕದಲ್ಲಿ ಯಾವಾಗಲೂ ಮೊದಲು. ಕೂರಿಸಿ ಕೇಳಿದ್ರೆ ಅಂದ್ಲು, "ಈ ವರ್ಷ ಮನೇಲಿ ಕೂತ್ರೆ ಮುಂದಿನ ವರ್ಷ ಹೈಸ್ಕೂಲಲ್ಲೂ ಹಂಗೇ ಹೇಳ್ತಾರೆ ಆಂಟಿ. ಆಮೇಲೆ ಅಪ್ಪ ಸಾಕು ಬಿಡು ಅಂತಾರೆ. ನನಗೆ ಎಲ್ರ ಥರ ಬೆಂಚಲ್ಲಿ ಕೂತ್ಕೋಬೇಕು ಅಷ್ಟೇ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಬಂತು. ಮಾರನೇ ದಿನ ಗನ್ ಹಿಡ್ಕೊಂಡು ಗೇಟಿಗೆ ಹಸಿರು ಪುಡಿ ಹೊಡೀತಾ ಇದ್ದಾಗ, ಪುಡಿ ಹಿಂಗೆ ತೆಳ್ಳಗೆ, ಒಂದು ಚೂರೂ ಸೋರದೆ ಎಲ್ಲಾ ಕಡೆ ಕೂರುತ್ತಲ್ಲ, ನೀರು ಯಾಕೆ ಕೂರಬಾರದು ಅಂತ ಹೊಳೀತು.

ನೀರು ಪುಡಿ ಥರ ಅಲ್ಲ ಮಾರಾಯ್ರೇ, ಮಹಾ ಹಠಮಾರಿ. ಒಂದಕ್ಕೊಂದು ಹಿಡ್ಕೊಂಡು ಹನಿ ಆಗೇ ಇರ್ತೀನಿ ಅನ್ನುತ್ತೆ. ಶಿವಾಜಿನಗರದ ಸರ್ಜಿಕಲ್ ಅಂಗಡಿಯಿಂದ ಸಕ್ಕರೆ ಕಾಯಿಲೆಯವರು ಚುಚ್ಕೊಳ್ಳೋ ಸೂಜಿ ತಂದೆ, ಕೂದಲಷ್ಟು ತೆಳು. ಮೊನೆ ಓರೆ ಇದ್ರೆ ನೀರು ಒಂದು ಪಕ್ಕಕ್ಕೆ ವಾಲುತ್ತೆ ಅಂತ ಒಂದೊಂದನ್ನೂ ಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಿದೆ. ಬೋರ್ ನೀರು ಹಾಕಿದ್ರೆ ಎರಡೇ ದಿನಕ್ಕೆ ಕಟ್ಕೊಂಡ್ವು, ಕ್ಯಾನ್ ನೀರಿಗೆ ಬದಲಾಯಿಸಿದೆ. ವೋಲ್ಟೇಜ್ ಏರಿಸ್ತಾ ಹೋದಾಗ ಸೂಜಿ ತುದಿಯ ಹನಿ ಮೊದಲು ನಡುಗುತ್ತೆ, ಆಮೇಲೆ ಚೂಪಾಗುತ್ತೆ, ಆ ಚೂಪಿನಿಂದ ಹೊಗೆ ಥರ ಹೊರಡುತ್ತೆ. ಎಲ್ಲಾ ಹನಿಗೂ ಒಂದೇ ಥರ ಕರೆಂಟ್ ಇರೋದ್ರಿಂದ ಒಂದನ್ನೊಂದು ತಳ್ಕೊಂಡು ಚದುರ್ತವೆ, ಮತ್ತೆ ಸೇರ್ಕೊಳಲ್ಲ. ಕೈ ಒಡ್ಡಿದ್ರೆ ಮಗು ಉಸಿರು ಬಿಟ್ಟಂಗೆ ತಣ್ಣಗೆ ಅನಿಸುತ್ತೆ, ನೋಡಿದ್ರೆ ಚರ್ಮ ಒದ್ದೆ.

ಸಾವಿರಗಟ್ಟಲೆ ವೋಲ್ಟು, ಮಗುವಿನ ಪಕ್ಕದಲ್ಲಿ. ನನಗೂ ಭಯ ಇತ್ತು. ಹರಿಯೋ ಕರೆಂಟು ಇಲ್ಲ ಅನ್ನೋಷ್ಟಕ್ಕೆ ಕಟ್ಟಿಹಾಕಿ, ಮೂರು ವಾರ ನನ್ನ ಮೈಮೇಲೇ ಹೊಡ್ಕೊಂಡೆ. ಆಮೇಲೆ ಡಾಕ್ಟರಿಗೆ ತೋರಿಸಿದೆ. ಅವರು ಎರಡು ಸಲ ಶೆಡ್ಡಿಗೆ ಬಂದು ಮೀಟರ್ ಇಟ್ಟು ನೋಡಿ, ತಮ್ಮ ಕೈಮೇಲೆ ಹಾಕಿಸ್ಕೊಂಡು, ನಡೀರಿ ಅಂದ್ರು. ಅಷ್ಟಾದ ಮೇಲೇ ಶಾಂಭವಿನ ಕೂರಿಸಿದ್ದು. ನಲವತ್ತೆಂಟು ಸೂಜಿಯ ಒಂದು ಪಟ್ಟಿ, ಬೆಂಚಿಗೆ ಸಿಕ್ಕಿಸೋ ಸ್ಟ್ಯಾಂಡು, ಊಟದ ಡಬ್ಬಿಯಷ್ಟು ಬ್ಯಾಟರಿ ಪೆಟ್ಟಿಗೆ.

ಅವಳು ಸ್ಟೂಲ್ ಮೇಲೆ ಕೂತು, ನೆಲಕ್ಕೆ ಕಾಲು ಊರಿ, ತೊಡೆ ಮೇಲೆ ಪುಸ್ತಕ ಇಟ್ಕೊಂಡು ಲೆಕ್ಕ ಮಾಡ್ತಿದ್ಲು. ಸೂಜಿಯಿಂದ ಹೊರಟ ನೀರಿನ ಮಂಜು ಸೀದಾ ಅವಳ ಕಡೆಗೇ ಹೋಗಿ ಕತ್ತು, ಕೈ, ಹಿಂದೆ ಬೆನ್ನು, ಎಲ್ಲಾ ಕಡೆ ಸಣ್ಣಗೆ ಕೂತ್ಕೊಳ್ತು. ಒಂದು ಗಂಟೆ ಆದ್ರೂ ಮೈ ಬಿಸಿ ಏರಲಿಲ್ಲ. ಪುಸ್ತಕದ ಅಂಚು ಸ್ವಲ್ಪ ಮೆತ್ತಗಾಗಿದ್ದು ಬಿಟ್ರೆ ಶಾಯಿ ಹರಡಲಿಲ್ಲ. ನಮ್ಮಮ್ಮ ಮುನಿಶಾಮಮ್ಮ ಬಾಗಿಲಲ್ಲಿ ನಿಂತು ದೃಷ್ಟಿ ತೆಗೆದ್ಲು. ನಮ್ಮಮ್ಮನದು ಒಂದು ಕಾನೂನು, ಶೆಡ್ ಒಳಗೆ ಮಿಷನ್ನಿಗೆ ಪೂಜೆ ಮಾಡಿರ್ತೀವಿ, ಯಾರೂ ಮೆಟ್ಟು ಹಾಕ್ಕೊಂಡು ಕಾಲಿಡಂಗಿಲ್ಲ. ಒಂದು ಸಲ ಗಿರಾಕಿ ಬೂಟನ್ನ ರೋಡಿಗೆ ಎಸೆದಿದಾಳೆ. ಡಾಕ್ಟರೂ ಶೂ ಬಿಚ್ಚೇ ಬಂದಿದ್ದು.

ಜಯಮಾಲಾ ಮೇಡಂಗೆ ಹೇಳಿದೆ. ಅವರು ಫೆಬ್ರವರಿ ಕೊನೇ ಶನಿವಾರ ಮಕ್ಕಳು ಹೋದ ಮೇಲೆ ಬನ್ನಿ, ಕ್ಲಾಸ್ ರೂಮಲ್ಲೇ ತೋರಿಸಿ, ನನಗೆ ಧೈರ್ಯ ಬಂದ್ರೆ ಕೂರಿಸ್ತೀನಿ, ಬರದಿದ್ರೆ ಮತ್ತೆ ಕೇಳಬಾರದು ಅಂದ್ರು.

ಆ ಶನಿವಾರ ಹನ್ನೆರಡು ಗಂಟೆಗೆ ಹೋದ್ವಿ. ಶಾಂಭವಿ ಎರಡು ಜಡೆ ಹಾಕಿ, ಸ್ಕೂಲಲ್ಲಿ ಕೊಟ್ಟ ಕರೀ ಶೂನ ಕನ್ನಡಿ ಆಗೋ ತನಕ ಪಾಲಿಶ್ ಮಾಡ್ಕೊಂಡು ಬಂದಿದ್ಲು. ಗಂಗಾ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ಕೊಂಡು ಒಳಗೆ ಬಂದ್ಲು. ಮೇಡಂ ಎದುರಿಗೆ ಥರ್ಮಾಮೀಟರ್ ಹಿಡ್ಕೊಂಡು ಕೂತ್ರು. ನಾನು ಸ್ಟ್ಯಾಂಡ್ ಸಿಕ್ಕಿಸಿ ಸ್ವಿಚ್ ಹಾಕಿದೆ.

ಕಿಟಕಿಯಿಂದ ಬರೋ ಬಿಸಿಲಲ್ಲಿ ಮಂಜು ಚೆನ್ನಾಗಿ ಕಾಣ್ತಿತ್ತು. ಮೊದಲು ಒಂದು ಕ್ಷಣ ಅವಳ ಕಡೆ ಹೋಯ್ತು. ಆಮೇಲೆ, ದೇವರಾಣೆ, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ತಿರುಗಿಬಿಡ್ತು. ಅವಳ ಭುಜ ದಾಟಿ, ಹಿಂದೆ ನಿಂತಿದ್ದ ಗಂಗಾ ಕಡೆಗೆ ಹೋಗಿ ಅವಳ ಕೈ, ಸೀರೆ ಎಲ್ಲಾ ನೆನೆಸ್ತು. ಗಂಗಾ ಪಕ್ಕಕ್ಕೆ ಸರಿದ್ಲು, ಮಂಜೂ ಸರೀತು. ನಾನು ಸ್ಟ್ಯಾಂಡ್ ಹತ್ರ ತಂದೆ, ಓರೆ ಮಾಡಿದೆ, ವೋಲ್ಟೇಜ್ ಏರಿಸಿದೆ. ಶಾಂಭವಿ ಮುಖ ಒಣಗಿದ್ದು ಒಣಗಿದಂಗೇ ಇತ್ತು.

"ನೆಟ್ಟಗೆ ಕೂತ್ಕೊಳ್ಳೇ," ಅಂತ ಗದರಿದೆ. ಪಾಪ ಅವಳು ನೆಟ್ಟಗೇ ಕೂತಿದ್ಲು. ಹೆದರಿ ಕಿಟಕಿ ಸರಳು ಹಿಡಿದ್ಲು, ಚಟ್ ಅಂತ ಸಣ್ಣ ಕಿಡಿ, ಕೈ ಎಳ್ಕೊಂಡ್ಲು. ಸ್ವೆಟರ್ ಬಿಚ್ಚುವಾಗ ಆಗುತ್ತಲ್ಲ, ಅಷ್ಟೇ. ಆದರೆ ಮೇಡಂ ಎದ್ದು ನಿಂತುಬಿಟ್ರು.

"ನಿಲ್ಲಿಸಿ ಹಂಸಾ ಅವ್ರೆ. ಸಾಕು."

ನಿಲ್ಲಿಸಿದೆ. ಶಾಂಭವಿ ಕೆನ್ನೆ ಕೆಂಪಾಗ್ತಾ ಇತ್ತು, ಬಿಸಿ ಏರೋಕೆ ಶುರುವಾಗಿತ್ತು. ಗಂಗಾ ಚೀಲದಿಂದ ಒದ್ದೆ ಬಟ್ಟೆ ತೆಗೆದು ಮಗಳ ಕತ್ತಿಗೆ ಒತ್ತುತ್ತಾ, ನನ್ನ ಕಡೆ ನೋಡದೇ ಅಂದ್ಲು, "ನೀರಿಗೂ ನನ್ನ ಮಗಳು ಬ್ಯಾಡಾದ್ಳಲ್ರಿ ಅಕ್ಕಾರ. ನನ್ನ ಕಡಿಗೆ ಬರ್ತದ, ಆಕಿ ಕಡಿಗೆ ಹೋಗವಲ್ದು."

ಮೇಡಂ ಮೆತ್ತಗೆ, "ನೀವು ಪ್ರಯತ್ನ ಪಟ್ರಲ್ಲ, ಅದೇ ದೊಡ್ಡದು. ನಾನೇ ವಾರಕ್ಕೊಂದು ಸಲ ಮನೆಗೆ ಬಂದು ಪಾಠ ಹೇಳ್ತೀನಿ," ಅಂದ್ರು. ಒಳ್ಳೆಯವರು. ಆ ಒಳ್ಳೆತನಕ್ಕೇ ನನಗೆ ಇನ್ನೂ ಅಳು ಬಂತು. ಶಾಂಭವಿ ಬೆಂಚಿನ ಮೇಲೆ ಇಟ್ಟಿದ್ದ ಕಂಪಾಸ್ ಬಾಕ್ಸನ್ನ ಬ್ಯಾಗೊಳಗೆ ಹಾಕ್ಕೊಂಡ್ಲು.

ವೈರ್ ಸುತ್ತೋಕೆ ಬಗ್ಗಿದೆ. ನೆಲದ ಮೇಲೆ ಗಂಗಾಳ ಒದ್ದೆ ಹೆಜ್ಜೆ ಗುರುತು ಇತ್ತು, ಐದು ಬೆರಳೂ ಸ್ಪಷ್ಟವಾಗಿ. ಅದರ ಪಕ್ಕದಲ್ಲಿ ಶಾಂಭವಿಯ ಪಾಲಿಶ್ ಹೊಡೆದ ಶೂ, ಇಷ್ಟು ದಪ್ಪ ರಬ್ಬರ್ ಅಟ್ಟೆ. ನಾನು ಬಗ್ಗಿದವಳು ಬಗ್ಗಿದಂಗೇ ಇದ್ದೆ.

ಅಲ್ಲಾ, ಇಪ್ಪತ್ತು ವರ್ಷ ಊರವರ ಗೇಟಿಗೆಲ್ಲಾ ಅರ್ತಿಂಗ್ ಕೊಟ್ಟವಳು ನಾನು. ಅರ್ತಿಂಗ್ ಇಲ್ದಿದ್ರೆ ಪುಡಿ ಕೂರಲ್ಲ, ವಾಪಸ್ ತಳ್ಳುತ್ತೆ ಅಂತ ಬಂದ ಹುಡುಗರಿಗೆಲ್ಲಾ ತಲೆ ಮೇಲೆ ಮೊಟಕಿ ಕಲಿಸಿದವಳು. ಮಗುಗೆ ಕೊಡೋದು ಮರೆತಿದ್ದೆ. ಮರೆತಿದ್ದೆ ಅಂತಲೂ ಅಲ್ಲ, ಶೆಡ್ಡಲ್ಲಿ ನಮ್ಮಮ್ಮನ ಕಾನೂನು ಅದನ್ನ ತಾನಾಗೇ ಕೊಡ್ತಾ ಇತ್ತು. ಬರಿಗಾಲು ನೆಲಕ್ಕೆ ತಾಗಿದ್ರೆ ಅದೇ ಅರ್ತಿಂಗ್. ಡಾಕ್ಟರ್, ನಾನು, ಈ ಹುಡುಗಿ, ಎಲ್ರೂ ಬರಿಗಾಲಲ್ಲೇ ಇದ್ವಿ. ಶೂ ಹಾಕಿರೋ ಒಂದೇ ಒಂದು ಮನುಷ್ಯನ ಮೇಲೂ ನಾನು ಪರೀಕ್ಷೆ ಮಾಡಿರಲಿಲ್ಲ. ಇಲ್ಲಿ ರಬ್ಬರ್ ಅಟ್ಟೆ ಮೇಲೆ, ಮರದ ಹಲಗೆ ಮೇಲೆ ಕೂತಿದ್ದ ಹುಡುಗಿ ಮೊದಲ ಕ್ಷಣದಲ್ಲೇ ಕರೆಂಟ್ ತುಂಬ್ಕೊಂಡು ಮಂಜನ್ನ ತಳ್ತಾ ಇದ್ಲು. ಅವಳ ಹಿಂದೆ, ಇದು ಸರಸ್ವತಿ ಇರೋ ಜಾಗ ಅಂತ ಚಪ್ಪಲಿ ಬಿಟ್ಟು ಬಂದ ತಾಯಿ ನೆಲ ತುಳ್ಕೊಂಡು ನಿಂತಿದ್ಲು, ಮಂಜು ಅವಳ ಹತ್ರ ಓಡ್ತು.

"ಮೇಡಂ, ಹತ್ತು ನಿಮಿಷ ಕೊಡಿ," ಅಂದೆ. "ತಪ್ಪು ಮಿಷನ್ನದಲ್ಲ, ನಂದು. ಶಾಂಭವಿ, ಶೂ ಬಿಚ್ಚು."

ಅವಳು ಕಾಲನ್ನ ಬೆಂಚಿನ ಕೆಳಗೆ ಎಳ್ಕೊಂಡ್ಲು. "ಬಿಚ್ಚಲ್ಲ."

"ಬಿಚ್ಚೇ, ಅದರಿಂದಲೇ ಕೆಟ್ಟಿರೋದು."

"ಇವತ್ತು ಬಿಚ್ಚಿದ್ರೆ ದಿನಾ ಬಿಚ್ಚಿ ಕೂತ್ಕೋ ಅಂತೀರ. ಎಲ್ರೂ ಶೂ ಹಾಕಿರ್ತಾರೆ, ನಾನೊಬ್ಳು ಬರಿಗಾಲಲ್ಲಿ. ಆಮೇಲೆ ಕಪ್ಪೆ ಜೊತೆ ಇನ್ನೊಂದು ಹೆಸರಿಡ್ತಾರೆ." ಕಾಲನ್ನ ಇನ್ನೂ ಹಿಂದಕ್ಕೆ ಎಳ್ಕೊಂಡ್ಲು. "ನಂಗೆ ಎಲ್ರ ಥರ ಅಂತ ಹೇಳಿದ್ನಲ್ಲ ಆಂಟಿ."

ಬಾಯಿಗೆ ಬಂದಿದ್ದ ಬೈಗುಳ ನುಂಗ್ಕೊಂಡೆ. ಅವಳ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೆ. "ನೋಡು ಪುಟ್ಟಾ, ಇವತ್ತು ಮೇಡಂಗೆ ತೋರಿಸೋಕೆ ಒಂದೇ ಒಂದು ಸಲ. ನಾಳೆ ಭಾನುವಾರ ಪೂರ್ತಿ ಕೂತು ನಿನ್ನ ಶೂಗೇ ದಾರಿ ಮಾಡ್ತೀನಿ. ಸೋಮವಾರ ನೀನು ಶೂ ಹಾಕ್ಕೊಂಡೇ ಕೂರ್ತೀಯ. ಆಗದಿದ್ರೆ ನಾನೇ ಈ ಮಿಷನ್ ಗುಜರಿಗೆ ಹಾಕ್ತೀನಿ, ಆಯ್ತಾ?"

ಅವಳು ನನ್ನ ಮುಖ ನೋಡಿದ್ಲು, ಅಮ್ಮನ ಮುಖ ನೋಡಿದ್ಲು. ಲೇಸು ಎಳೆದ್ಲು. ಸಾಕ್ಸನ್ನ ಮಡಚಿ ಶೂ ಒಳಗೆ ಇಟ್ಟು, ಎರಡು ಪುಟ್ಟ ಒಣ ಪಾದ ನೆಲಕ್ಕೆ ಇಟ್ಲು. ಗಂಗಾನ ಬಾಗಿಲ ಹತ್ರ ಕಳಿಸಿ ಸ್ವಿಚ್ ಹಾಕಿದೆ.

ಮಂಜು ಎಲ್ಲೂ ಹೋಗಲಿಲ್ಲ. ಅವಳ ಹಣೆ, ಕೆನ್ನೆ, ಕಿವಿ ಹಿಂದೆ, ಮೊಣಕೈ ಒಳಗೆ, ಎಲ್ಲಾ ಕಡೆ ಕೂತ್ಕೊಳ್ತು. ಅವಳು ಕಣ್ಣು ಮುಚ್ಚಿದ್ಲು. ಮೇಡಂ ಐದು ನಿಮಿಷಕ್ಕೊಂದು ಸಲ ಥರ್ಮಾಮೀಟರ್ ಇಟ್ರು, ಕೊನೆಗೆ ತಮ್ಮ ಸ್ಲಿಪ್ಪರ್ ಕಳಚಿ ತಾವೇ ಪಕ್ಕದಲ್ಲಿ ಕೂತು ಕೈ ಒಡ್ಡಿದ್ರು. ಮುಕ್ಕಾಲು ಗಂಟೆ ಹಂಗೇ ಕೂತಿದ್ದು, "ಸೋಮವಾರ ಒಂದು ದಿನ ನೋಡೋಣ. ನೀವಿಬ್ರೂ ವರಾಂಡದಲ್ಲೇ ಇರಬೇಕು," ಅಂದ್ರು.

ಭಾನುವಾರ ಯಾವ ಗಿರಾಕಿ ಫೋನೂ ಎತ್ತಲಿಲ್ಲ. ಶೂ ಅಟ್ಟೆಗೆ ತೂತು ಹಾಕಿ ತಾಮ್ರದ ಮೊಳೆ ಹೊಡೆದೆ, ತಲೆ ನೆಲಕ್ಕೆ ತಾಗೋ ಹಂಗೆ. ಮೊಳೆಯಿಂದ ಒಳಗೊಳಗೇ ತೆಳು ತಂತಿ ಎಳೆದು, ಸಾಕ್ಸ್ ಕೆಳಗೆ ಕಾಲಿಗೆ ಸುತ್ತೋ ಒಂದು ಪಟ್ಟಿ ಮಾಡಿದೆ. ಶಾಂಭವಿ ಪಕ್ಕದಲ್ಲೇ ಕೂತು ಗೆಜ್ಜೆ ಥರ ಮಾಡಿ ಆಂಟಿ, ಅಂತ ಪೀಡಿಸಿ ಅದಕ್ಕೆ ಎರಡು ಸುತ್ತು ಜಾಸ್ತಿ ಹಾಕಿಸ್ಕೊಂಡ್ಲು. ಹೊರಗಿಂದ ನೋಡಿದ್ರೆ ಶೂ ಶೂನೇ. ಹಾಕ್ಕೊಂಡು ಸ್ಟೂಲ್ ಮೇಲೆ ಕೂತ್ಲು, ಮಂಜು ಅವಳನ್ನ ಹುಡುಕ್ಕೊಂಡು ಹೋಯ್ತು. ನಮ್ಮಮ್ಮ ಮಾತ್ರ ಶೆಡ್ ಒಳಗೆ ಮೆಟ್ಟು ಹಾಕಿದ್ದಕ್ಕೆ ಸಂಜೆ ತನಕ ಗೊಣಗಿದ್ಲು.

ಸೋಮವಾರ ನಾನೂ ಗಂಗಾನೂ ವರಾಂಡದಲ್ಲಿ ಕೂತ್ವಿ. ಗಂಗಾ ಒದ್ದೆ ಬಟ್ಟೆಯನ್ನ ಎರಡೂ ಕೈಲಿ ಹಿಡ್ಕೊಂಡಿದ್ಲು. ಒಳಗಿಂದ ಮೊದಲು ಪಿಸುಪಿಸು, ನಗು, ಮೇಡಂ ಗದರಿದ್ದು, ಆಮೇಲೆ ಲೆಕ್ಕದ ಪಾಠ. ಹನ್ನೊಂದಕ್ಕೆ ಬಿಸಿಲು ವರಾಂಡಕ್ಕೇ ಬಂತು. ಹನ್ನೆರಡಕ್ಕೆ ನನ್ನ ರವಿಕೆ ಬೆನ್ನಿಗೆ ಅಂಟಿತ್ತು. ಕಿಟಕಿಯಿಂದ ಇಣುಕಿದ್ರೆ ಶಾಂಭವಿ ತಲೆ ಬಗ್ಗಿಸಿ ಬರೀತಾನೇ ಇದ್ಲು. ಮೇಡಂ ಎರಡು ಸಲ ಹಣೆ ಮುಟ್ಟಿ ನೋಡಿ, ಎರಡು ಸಲವೂ ನಮ್ಮ ಕಡೆ ತಲೆ ಆಡಿಸಿದ್ರು. ನನ್ನ ಪಕ್ಕದಲ್ಲಿ ಗಂಗಾ ಯಾವ ದೇವರಿಗೆ ಏನು ಹರಕೆ ಹೊತ್ಲೋ, ತುಟಿ ಆಡ್ತಾನೇ ಇತ್ತು.

ಊಟದ ಬೆಲ್ ಹೊಡೀತು. ಮಕ್ಕಳು ತಟ್ಟೆ ಹಿಡ್ಕೊಂಡು ನುಗ್ಗಿದ್ರು. ಶಾಂಭವಿ ತನ್ನ ಬೆಂಚಿನ ಗೆಳತಿ ಉಮ್ಮೆ ಕುಲ್ಸುಂ ಜೊತೆ ಮಾತಾಡ್ಕೊಂಡು ಹೊರಗೆ ಬಂದ್ಲು. ಇಬ್ಬರ ಹಣೆ ಮೇಲೂ ಸಣ್ಣ ಸಣ್ಣ ಹನಿ, ಇಬ್ಬರ ಮೇಲ್ದುಟಿ ಮೇಲೂ ಹನಿ. ಯಾರದು ಒಳಗಿಂದ ಬಂದಿದ್ದು, ಯಾರದು ಸೂಜಿಯಿಂದ ಬಂದಿದ್ದು ಅಂತ ನನಗೇ ಗೊತ್ತಾಗಲಿಲ್ಲ.

"ಯಪ್ಪಾ ಏನ್ ಸೆಕೆ," ಅಂದ್ಲು ಉಮ್ಮೆ ಕುಲ್ಸುಂ. ಶಾಂಭವಿ ಕಡೆ ತಿರುಗಿ, "ನೀನೂ ಬೆವೆತುಹೋಗಿದೀಯ ನೋಡು," ಅಂತ ಹೇಳಿ ಊಟದ ಸಾಲಿಗೆ ಓಡಿದ್ಲು.

ಶಾಂಭವಿ ಅಲ್ಲೇ ನಿಂತ್ಲು. ಅಮ್ಮನ ಹತ್ರ ಬಂದು ಮುಖ ಮೇಲಕ್ಕೆತ್ತಿ, "ಅವ್ವಾ, ಒರಸು," ಅಂದ್ಲು.

ಗಂಗಾ ಕೈಲಿದ್ದ ಒದ್ದೆ ಬಟ್ಟೆಯನ್ನ ಕಟ್ಟೆ ಮೇಲೆ ಇಟ್ಲು. ಹನ್ನೆರಡು ವರ್ಷ ಆ ಮುಖಕ್ಕೆ ನೀರು ಹಾಕಿದ್ದೊಂದೇ ಅವಳಿಗೆ ಗೊತ್ತಿದ್ದಿದ್ದು, ತೆಗೆಯೋಕೆ ಅಲ್ಲಿ ಯಾವತ್ತೂ ಏನೂ ಇರಲಿಲ್ಲ. ಸೆರಗು ಎತ್ತಿದ್ಲು, ಆದರೆ ಎಲ್ಲಿಂದ ಶುರು ಮಾಡ್ಬೇಕು ಅಂತ ತಿಳೀದೆ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಹಣೆ ಒರೆಸಿದ್ಲು, ಮೂಗಿನ ಕೆಳಗೆ ಒರೆಸಿದ್ಲು, ಗದ್ದ ಹಿಡಿದು ಕತ್ತು ಒರೆಸಿದ್ಲು.

ಒರೆಸಬಾರದು ಅದನ್ನ. ಮೈಮೇಲೇ ಆರಿದ್ರೆ ತಾನೇ ತಂಪು, ಅದಕ್ಕೇ ಅಲ್ವಾ ನಾನು ಅಷ್ಟೆಲ್ಲಾ ಒದ್ದಾಡಿದ್ದು. ಹೇಳೋಕೆ ಬಾಯಿ ತೆರೆದೆ. ಗಂಗಾ ಕಣ್ಣಲ್ಲಿ ಧಾರಾಕಾರ ಹರೀತಿತ್ತು, ಅದನ್ನ ಒರೆಸ್ಕೊಳ್ಳೋ ಯೋಚನೆ ಅವಳಿಗೆ ಇರಲಿಲ್ಲ. ತೆರೆದ ಬಾಯಿ ಮುಚ್ಕೊಂಡೆ. ಮುಖ ಪೂರ್ತಿ ಒಣಗಿದ ಮೇಲೂ ಅವಳು ಇನ್ನೊಂದು ಸಲ ಒರೆಸಿದ್ಲು.